ಮನೆ ಖಾಲಿ, ಸಾಮಾನು ಯಾರದು?

ಬೆಂಗಳೂರಿನ ಯಾವುದೋ ಹಳೇ ಬಡಾವಣೆ, ಮೊದಲ ಮಹಡಿಯ ಮನೆ ಅಂದುಕೊಳ್ಳಿ. ಬಾಡಿಗೆದಾರ ಒಂದೂವರೆ ವರ್ಷದಿಂದ ಬಾಡಿಗೆ ಕೊಟ್ಟಿಲ್ಲ. ಓನರ್ ಕೋರ್ಟಿಗೆ ಹೋದರು, ಗೆದ್ದರು. ಡಿಕ್ರಿ ಬಂತು, ಅಮಲ್ಜಾರಿ ಅರ್ಜಿ ಹಾಕಿದ್ದೂ ಆಯ್ತು. ಒಂದು ದಿನ ಬೆಳಗ್ಗೆ ಕೋರ್ಟಿನ ಅಮೀನರು ಬಂದು ಬೀಗ ಒಡೆಸಿದರು. ನೋಡಿದರೆ ಒಳಗೆ ಯಾರೂ ಇಲ್ಲ. ಆದರೆ ಮನೆ ಖಾಲಿಯೂ ಇಲ್ಲ. ಮಂಚ ಇದೆ, ಹಾಸಿಗೆ ಇದೆ, ಕುಕ್ಕರ್, ಫ್ರಿಜ್ಜು, ಟಿ.ವಿ., ಮೂಲೆಯಲ್ಲೊಂದು ಹೊಲಿಗೆ ಮಷಿನ್ನು.

ಓನರ್ ತಲೆಗೆ ಬರುವ ಮೊದಲ ಲೆಕ್ಕ ಏನು ಅಂತ ಊಹಿಸೋದು ಕಷ್ಟವಲ್ಲ. ಇದನ್ನೆಲ್ಲ ಓಎಲ್ಎಕ್ಸ್‌ಗೆ ಹಾಕಿ ಬಾಕಿ ಬಾಡಿಗೆಗೆ ಮುರ್ಕೊಂಡ್ರೆ ಆಗಲ್ವಾ? ಮನೆ ಅವರದು, ಬಾಕಿ ಬರಬೇಕಾದದ್ದು ಅವರಿಗೆ, ಕೋರ್ಟೂ ಅವರ ಪರ. ಆದರೆ ಉತ್ತರ ಮಾತ್ರ 'ಆಗಲ್ಲ'. ಡಿಕ್ರಿಯಲ್ಲಿ ಸಿಕ್ಕಿದ್ದು ಮನೆಯ ಸ್ವಾಧೀನ. ಮನೆಯೊಳಗಿನ ವಸ್ತು ನಿನ್ನೆ ಯಾರದಾಗಿತ್ತೋ ಇವತ್ತೂ ಅವರದೇ.

ಕೇಳಿದರೆ ಇದೇನು ಮಹಾ ಅನಿಸುತ್ತೆ. ಆದರೆ ಮನೆ ಬೇರೆ, ಸಾಮಾನು ಬೇರೆ ಅನ್ನುವ ಈ ಗೆರೆ ಎಳೆಯೋಕೆ ಏಳು ಶತಮಾನ ಹಿಡಿದಿದೆ. ನಮ್ಮ ಬಾಡಿಗೆ ಕಾನೂನಿನ ಅಸ್ಥಿಪಂಜರ ಬಂದಿರೋದು ಇಂಗ್ಲೆಂಡಿನಿಂದ. ಹಾಗಾಗಿ ಕಥೆಯನ್ನೂ ಅಲ್ಲಿಂದಲೇ ಶುರುಮಾಡಬೇಕು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಗೇಣಿ ಕೊಡದವನ ಮೇಲೆ ಜಮೀನ್ದಾರ ಕೋರ್ಟಿಗೆ ಹೋಗುವ ಅಗತ್ಯವೇ ಇರಲಿಲ್ಲ. ಸೀದಾ ಹೋಗಿ ಅವನ ದನ ಹೊಡೆದುಕೊಂಡು ಬರುತ್ತಿದ್ದ. ಇದಕ್ಕೆ ಅವರು ಕೊಟ್ಟ ಹೆಸರು 'ಡಿಸ್ಟ್ರೆಸ್'. ಇವತ್ತು ಆ ಪದಕ್ಕೆ ಸಂಕಟ ಅನ್ನೋ ಅರ್ಥ ಇದೆಯಲ್ಲ, ಕಾನೂನಿನಲ್ಲಿ ಅದು ಜಪ್ತಿಯ ಹೆಸರು. ಆದರೆ ಆಗಿನ ಜಪ್ತಿ ಮಾರಾಟಕ್ಕಲ್ಲ, ಬರೀ ಒತ್ತೆಗೆ. ಹಿಡಿದ ದನವನ್ನು ದೊಡ್ಡಿಗೆ ಕೂಡಬೇಕಿತ್ತು. ಅದರಿಂದ ಉಳುಮೆ ಮಾಡಿಸುವಂತಿಲ್ಲ, ಮಾರುವಂತಿಲ್ಲ. ದೊಡ್ಡಿ ಊರ ಬಯಲಲ್ಲಿದ್ದರೆ ದನದ ಯಜಮಾನನೇ ಬಂದು ಮೇವು ಹಾಕಬೇಕು. ನಮ್ಮ ಕಡೆ ಹಳ್ಳಿಯಲ್ಲಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಪರರ ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ, ಉತ್ತರ ಕರ್ನಾಟಕದಲ್ಲಾದರೆ ಕೊಂಡವಾಡಕ್ಕೆ, ಹೊಡೆಯುತ್ತಿದ್ದರು. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ದನದ ಮೇಲೆ ಆಸೆ ಇರಲಿಲ್ಲ, ದನದ ಯಜಮಾನನನ್ನು ಮಾತಿಗೆ ಎಳೆಯೋ ದಾರಿ ಅದು.

ಒತ್ತೆಯಾದರೂ ಮಿತಿ ಬೇಕಿತ್ತು. 1267ರ ಮಾರ್ಲ್‌ಬರೋ ಶಾಸನ ಅದನ್ನು ಹಾಕಿತು. ಬಾಕಿಗೆ ಮೀರಿ ಹಿಡಿಯಬಾರದು, ಹಿಡಿದದ್ದನ್ನು ಬೇರೆ ಜಿಲ್ಲೆಗೆ ಸಾಗಿಸಬಾರದು. ಅದೇ ಕಾಲದ ಇನ್ನೊಂದು ನಿಯಮದ ಪ್ರಕಾರ ಬೇರೆ ಸಾಮಾನು ಸಾಕಷ್ಟಿರುವಾಗ ಉಳುವ ಎತ್ತುಗಳನ್ನು ಮುಟ್ಟುವಂತಿರಲಿಲ್ಲ. ಕನಿಕರ ಅಂತ ಓದಿಕೊಂಡರೂ ಸರಿ, ಬರೀ ಲೆಕ್ಕಾಚಾರ ಅಂದುಕೊಂಡರೂ ಸರಿ. ಎತ್ತು ಹೋದರೆ ಮುಂದಿನ ವರ್ಷದ ಗೇಣಿ ಎಲ್ಲಿಂದ ಬರುತ್ತೆ?

ಕಥೆ ತಿರುಗಿದ್ದು 1689ರಲ್ಲಿ. ಹಿಡಿದ ಸಾಮಾನನ್ನು ನೋಟಿಸ್ ಕೊಟ್ಟ ಐದು ದಿನದಲ್ಲಿ ಬಿಡಿಸಿಕೊಳ್ಳದಿದ್ದರೆ ಬೆಲೆ ಕಟ್ಟಿಸಿ ಮಾರಿಬಿಡಬಹುದು ಅಂತ ಪಾರ್ಲಿಮೆಂಟು ಕಾನೂನು ಮಾಡಿತು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ದೊಡ್ಡ ಘಟನೆ ಇದೇ. ಒತ್ತೆ ಅನ್ನೋದು ವಸೂಲಿಯಾಯ್ತು. ಬಾಡಿಗೆದಾರನ ಮನೆಯಲ್ಲಿರೋದೆಲ್ಲ ಓನರ್ ಕಣ್ಣಿಗೆ ನಗದಾಗಿ ಕಾಣತೊಡಗಿತು, ಅದೂ ಜಡ್ಜ್ ಮುಖ ನೋಡದೆ. ಜನ ಸುಮ್ಮನೆ ಕೂತಿರ್ತಾರಾ? ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಗಾಡಿ ಹತ್ತತೊಡಗಿದರು. ಅದಕ್ಕೆ 1737ರಲ್ಲಿ ಇನ್ನೊಂದು ಕಾನೂನು ಬಂತು. ಕದ್ದು ಸಾಗಿಸಿದ ಸಾಮಾನನ್ನು 30 ದಿನದೊಳಗೆ ಎಲ್ಲಿ ಸಿಕ್ಕರೂ ಹಿಡಿಯಬಹುದು. ಸಾಗಿಸೋಕೆ ಗಾಡಿ ಹೂಡಿಕೊಟ್ಟ ಪಕ್ಕದ ಮನೆಯವನೂ ಸಿಕ್ಕಿಬಿದ್ದರೆ ಸಾಮಾನಿನ ಬೆಲೆಯ ಎರಡರಷ್ಟು ತೆರಬೇಕು.

ಇದರ ನಡುವೆ ಕೋರ್ಟುಗಳ ಮುಂದೆ ಚಿತ್ರವಿಚಿತ್ರ ಪ್ರಶ್ನೆಗಳು ಬಂದವು. 1744ರ 'ಸಿಂಪ್ಸನ್ ವಿರುದ್ಧ ಹಾರ್ಟಪ್' ಅನ್ನೋ ಕೇಸು ಅದರಲ್ಲಿ ಪ್ರಸಿದ್ಧ. ಒಬ್ಬನ ಬಳಿ ಕಾಲುಚೀಲ ನೇಯುವ ಮಗ್ಗ ಇತ್ತು. ಅದನ್ನು ಇನ್ನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದ. ಆ ಇನ್ನೊಬ್ಬ ಮನೆ ಬಾಡಿಗೆ ಕಟ್ಟಲಿಲ್ಲ. ಓನರ್ ಕಡೆಯವರು ಬಂದು ಮಗ್ಗವನ್ನೇ ಎತ್ತಿಕೊಂಡು ಹೋದರು. ಬಂದಾಗ ಅದರ ಮುಂದೆ ಒಬ್ಬ ಕೆಲಸ ಕಲಿಯುವ ಹುಡುಗ ನೇಯುತ್ತಾ ಕೂತಿದ್ದನಂತೆ. ಮಗ್ಗದ ನಿಜವಾದ ಯಜಮಾನ ಕೋರ್ಟಿಗೆ ಹೋದ. ನ್ಯಾಯಾಧೀಶರು ಯಾವ್ಯಾವುದನ್ನು ಜಪ್ತಿ ಮಾಡಬಾರದು ಅಂತ ಬಗೆ ಬಗೆಯಾಗಿ ಹೇಳಿದರು. ಕಟ್ಟಡಕ್ಕೆ ಅಂಟಿಕೊಂಡದ್ದು, ಗಿರಾಕಿ ದುಡಿಮೆಗಾರನ ಕೈಗೆ ಕೊಟ್ಟದ್ದು (ದರ್ಜಿಯ ಹತ್ತಿರವಿರುವ ಬೇರೆಯವರ ಬಟ್ಟೆ, ಕಮ್ಮಾರನ ಹತ್ತಿರವಿರುವ ಬೇರೆಯವರ ಕುದುರೆ), ಹೊಲದಲ್ಲಿ ಒಟ್ಟಿದ ತೆನೆ, ಉಳುವ ಪ್ರಾಣಿ ಮತ್ತು ಕಸುಬಿನ ಉಪಕರಣ, ಕೊನೆಗೆ ಆ ಹೊತ್ತಿನಲ್ಲಿ ಬಳಕೆಯಲ್ಲಿರುವ ವಸ್ತು. ಕೈ ಆಡುತ್ತಿದ್ದ ಮಗ್ಗ ಈ ಕೊನೆಯ ಬಗೆಯದ್ದು, ಅದನ್ನು ಎತ್ತಿದ್ದು ತಪ್ಪು ಅಂತಾಯ್ತು.

ಗಮನಿಸಿ, ಅಲ್ಲಿ ಸಾಮಾನು ಬಾಡಿಗೆದಾರನದೇ ಆಗಿರಬೇಕು ಅಂತಲೂ ಇರಲಿಲ್ಲ. ಮನೆಯೊಳಗೆ ಸಿಕ್ಕಿದ್ದೆಲ್ಲ ಲೆಕ್ಕಕ್ಕೆ ಬರುತ್ತಿತ್ತು. ಒಂದು ಕೋಣೆ ಹಿಡಿದು, ವಾರವಾರ ತಪ್ಪದೆ ದುಡ್ಡು ಕೊಟ್ಟುಕೊಂಡಿದ್ದ ಬಡಪಾಯಿಯ ಪೆಟ್ಟಿಗೆಯೂ, ಮನೆ ಹಿಡಿದವನು ಓನರಿಗೆ ಬಾಕಿ ಉಳಿಸಿಕೊಂಡಿದ್ದರೆ, ಹೋಗಿಬಿಡುತ್ತಿತ್ತು. ನಮ್ಮ ಪಿ.ಜಿ. ನಡೆಸುವವನು ಕಟ್ಟಡದ ಬಾಡಿಗೆ ಕಟ್ಟದೆ ಹೋದ್ರೆ ನಿಮ್ಮ ಲ್ಯಾಪ್‌ಟಾಪ್ ಹೋದ ಹಾಗೆ. ಇಂಥ ಒಳಬಾಡಿಗೆಯವರಿಗೆ ರಕ್ಷಣೆ ಸಿಕ್ಕಿದ್ದು 1871ರಲ್ಲಿ. 1888ರಲ್ಲಿ ಬಟ್ಟೆ, ಹಾಸಿಗೆ, ಕಸುಬಿನ ಉಪಕರಣಗಳಲ್ಲಿ ಐದು ಪೌಂಡ್ ಬೆಲೆಯಷ್ಟನ್ನು ಮುಟ್ಟಬಾರದು ಅಂತಾಯ್ತು. ಜಪ್ತಿಗೆ ಹೋಗುವವನಿಗೆ ಕೋರ್ಟಿನ ಪ್ರಮಾಣಪತ್ರವೂ ಬೇಕಾಯ್ತು.

ಅದೇ 1888ರಲ್ಲಿ ಪಕ್ಕದ ಐರ್ಲೆಂಡಿನಲ್ಲಿ ಇದರ ಉಲ್ಟಾ ನಡೆಯುತ್ತಿತ್ತು. ಅಲ್ಲಿ ಜಮೀನ್ದಾರನಿಗೆ ರೈತನ ಸಾಮಾನು ಬೇಕಿರಲಿಲ್ಲ. ಇದ್ದರಲ್ಲವೇ ಬೇಕಾಗೋದು! ಅವನಿಗೆ ಬೇಕಿದ್ದದ್ದು ಜಮೀನು ಮತ್ತು ಮನೆ, ಅದೂ ಪೂರ್ತಿ ಬರಿದಾಗಿ. ಆ ವರ್ಷದ ಜುಲೈನಲ್ಲಿ ಕ್ಲೇರ್ ಜಿಲ್ಲೆಯ ವ್ಯಾಂಡಲೂರ್ ಜಮೀನ್ದಾರಿಯಲ್ಲಿ ಒಕ್ಕಲೆಬ್ಬಿಸಿದ ಫೋಟೋಗಳು ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಮೂರು ಕಂಬದ ನಡುವೆ ತೂಗುಹಾಕಿದ ಮರದ ದಿಮ್ಮಿ, ಅದರಿಂದ ಗುದ್ದಿ ಗುದ್ದಿ ತೂತು ಬಿದ್ದ ಗೋಡೆ, ಸುತ್ತ ಪೊಲೀಸರು. ಐರ್ಲೆಂಡಿನಲ್ಲಿ ಒಕ್ಕಲೆಬ್ಬಿಸುವವರು ಮಂಚ, ಪಾತ್ರೆ, ಬುಟ್ಟಿ ಎಲ್ಲ ಹೊರಗೆ ಹಾಕಿ ಕೊನೆಗೆ ಒಲೆಯ ಬೆಂಕಿ ಆರಿಸುತ್ತಿದ್ದರು. ಆಮೇಲೆಯೇ ಮನೆ ಖಾಲಿ ಆಯ್ತು ಅಂತ ಲೆಕ್ಕ. ಮತ್ತೆ ಬಂದು ಒಲೆ ಹಚ್ಚಬಾರದು ಅಂತ ಎಷ್ಟೋ ಕಡೆ ಮನೆಯನ್ನೇ ಕೆಡವಿದರು. ಹೊರಗೆ ಬಿದ್ದ ಸಾಮಾನು ಏನಾಗಬೇಕು ಅನ್ನೋದು ಯಾರ ತಲೆನೋವೂ ಆಗಿರಲಿಲ್ಲ.

ಹೀಗೆ ಎರಡು ಮಾದರಿ. ಒಂದರಲ್ಲಿ ಸಾಮಾನಿಗೆ ಬೆಲೆ ಇದೆ, ಹಿಡಿದು ಮಾರುತ್ತಾರೆ. ಇನ್ನೊಂದರಲ್ಲಿ ಬೆಲೆ ಇಲ್ಲ, ಬೀದಿಗೆ ಎಸೆಯುತ್ತಾರೆ. ಎರಡೂ ನಮ್ಮ ದೇಶಕ್ಕೆ ಬಂದವು.

ಮೊದಲನೆಯದು ಬಂದದ್ದು ಬಂಗಾಳಕ್ಕೆ. 1793ರಲ್ಲಿ ಖಾಯಂ ಜಮೀನ್ದಾರಿ ಪದ್ಧತಿಯ ಜೊತೆಗೇ ಕಂಪನಿ ಸರ್ಕಾರ ರೈತರ ಬೆಳೆ, ದನ ಜಪ್ತಿ ಮಾಡೋ ಅಧಿಕಾರವನ್ನು ಜಮೀನ್ದಾರರ ಕೈಗಿಟ್ಟಿತು. ನೇಗಿಲು, ಉಳುವ ಎತ್ತು, ಬೀಜದ ಕಾಳನ್ನು ಹೊರಗಿಟ್ಟಿತ್ತು ನಿಜ. ಆದರೆ ಕಂದಾಯ ಸರಿಯಾಗಿ ಬರ್ತಿಲ್ಲ ಅಂತ 1799ರ ಏಳನೇ ರೆಗ್ಯುಲೇಶನ್ನಿನಲ್ಲಿ ಹಿಡಿತ ಇನ್ನೂ ಬಿಗಿಯಾಯ್ತು, ಬಾಕಿದಾರ ರೈತನನ್ನೇ ಹಿಡಿಸುವ ಮಟ್ಟಕ್ಕೆ. 1812ರ ಐದನೆಯದು ಸ್ವಲ್ಪ ಸಡಿಲಿಸಿತು. ಈ ಎರಡಕ್ಕೂ ಜನ ಪಾರ್ಸಿ ಅಂಕಿಯಲ್ಲೇ ಹೆಸರಿಟ್ಟುಕೊಂಡಿದ್ದರು, ಹಫ್ತಮ್ ಮತ್ತು ಪಂಜಮ್. ಕಾನೂನಿನ ನಂಬರು ಹಳ್ಳಿಯ ಬಾಯಿಮಾತಾಗಬೇಕು ಅಂದ್ರೆ ಅದು ಎಷ್ಟು ಮನೆ ಬಾಗಿಲು ಬಡಿದಿರಬೇಕು!

ಪಟ್ಟಣದ ಮನೆಬಾಡಿಗೆಗೆ ಡಿಸ್ಟ್ರೆಸ್ ಬಂದದ್ದು ಕಲ್ಕತ್ತ, ಮದ್ರಾಸು, ಬೊಂಬಾಯಿ ಈ ಮೂರು ಊರುಗಳಿಗೆ. 1882ರ ಪ್ರೆಸಿಡೆನ್ಸಿ ಸ್ಮಾಲ್ ಕಾಸ್ ಕೋರ್ಟ್ಸ್ ಕಾಯಿದೆಯಲ್ಲಿ ಅದಕ್ಕೊಂದು ಇಡೀ ಅಧ್ಯಾಯ ಇದೆ. ಆದರೆ ಇಲ್ಲಿ ಒಂದು ಒಳ್ಳೆ ಬದಲಾವಣೆ ಆಗಿತ್ತು. ಓನರ್ ತಾನೇ ನುಗ್ಗುವ ಹಾಗಿಲ್ಲ, ಕೋರ್ಟಿನಿಂದ ವಾರಂಟ್ ತರಬೇಕು. ಸೂರ್ಯ ಹುಟ್ಟಿದ ಮೇಲೆ, ಮುಳುಗೋದರೊಳಗೆ ಮಾತ್ರ ಜಪ್ತಿ. ಹನ್ನೆರಡು ತಿಂಗಳಿಗಿಂತ ಹಳೇ ಬಾಕಿಗೆ ಇಲ್ಲ.

ಆದರೆ ನನಗೆ ಇವೆಲ್ಲಕ್ಕಿಂತ ಇಷ್ಟವಾಗೋದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು. ಕಾನೂನು ಪುಸ್ತಕ ಓದುವವರು ಇದನ್ನು ಬೇಗ ದಾಟಿಬಿಡ್ತಾರೆ. ಸಾಲಗಾರನ ಯಾವ ಆಸ್ತಿಯನ್ನು ಕೋರ್ಟು ಜಪ್ತಿ ಮಾಡಬಹುದು ಅಂತ ಹೇಳಿ, ಯಾವುದನ್ನು ಮಾಡಬಾರದು ಅಂತ ಪಟ್ಟಿ ಕೊಡುತ್ತೆ. ಮೈಮೇಲೆ ಬೇಕಾದ ಬಟ್ಟೆ. ಅಡುಗೆ ಪಾತ್ರೆ. ಮಂಚ, ಹಾಸಿಗೆ. ಅವನದು, ಹೆಂಡತಿಯದು, ಮಕ್ಕಳದು. ಧರ್ಮದ ರೂಢಿಯಂತೆ ಹೆಣ್ಣುಮಗಳು ತೆಗೆಯಬಾರದ ಒಡವೆ, ಅಂದರೆ ತಾಳಿಯಂಥದ್ದು. ಕಸುಬಿನವನ ಉಪಕರಣ. ರೈತನಾದರೆ ಬೇಸಾಯದ ಸಲಕರಣೆ, ಬದುಕಿಗೆ ಬೇಕಾದಷ್ಟು ದನ, ಬಿತ್ತನೆ ಬೀಜ. ಹದಿಮೂರನೇ ಶತಮಾನದ ಉಳುವ ಎತ್ತೂ, 1744ರ ಮಗ್ಗವೂ ಇಲ್ಲಿಗೆ ಬಂದು ಸೇರಿಕೊಂಡಿವೆ, ಜೊತೆಗೆ ನಮ್ಮದೇ ತಾಳಿ. ಈ ಕಲಮು ಇವತ್ತಿಗೂ ಜಾರಿಯಲ್ಲಿದೆ.

ಈಗ ಆ ಮೊದಲ ಮಹಡಿಯ ಮನೆಗೆ ಇದನ್ನು ಹಚ್ಚಿ ನೋಡಿ. ಓನರ್ ಬಾಕಿ ಬಾಡಿಗೆಗೂ ಹಣದ ಡಿಕ್ರಿ ಪಡೆದು ಕಾನೂನುಬದ್ಧವಾಗಿಯೇ ಜಪ್ತಿಗೆ ಹೋದರು ಅಂತಿಟ್ಟುಕೊಳ್ಳಿ. ಫ್ರಿಜ್ಜು, ಟಿ.ವಿ. ಸಿಗಬಹುದು. ಕುಕ್ಕರು, ಮಂಚ, ಹಾಸಿಗೆ ಸಿಗಲ್ಲ. ಆ ಮನೆಯವರು ದರ್ಜಿ ಕೆಲಸದವರಾದರೆ ಹೊಲಿಗೆ ಮಷಿನ್ನೂ ಸಿಗಲ್ಲ. ಕೋರ್ಟೇ ಮುಟ್ಟಲಾರದ ಕುಕ್ಕರನ್ನು ಓನರ್ ಸ್ವಂತಕ್ಕೆ ಮಾರಿಕೊಳ್ಳೋದು ಹೇಗೆ? 'ಆಗಲ್ಲ' ಅನ್ನೋದರ ಹಿಂದಿನ ನ್ಯಾಯ ಇದು. ತೀರ್ಪೇ ಇಲ್ಲದೆ ಸಾಮಾನು ಹೊರಗೆ ಹಾಕಿ ಬೀಗ ಜಡಿದರಂತೂ ಕಥೆ ಬೇರೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿದರೆ ಬಾಡಿಗೆದಾರ ಮರಳಿ ಅದೇ ಮನೆಯೊಳಗೆ ಬರಬಹುದು, ಮನೆಯ ಒಡೆತನ ಯಾರದು ಅನ್ನೋ ಪ್ರಶ್ನೆಯೇ ಅಲ್ಲಿ ಏಳೋದಿಲ್ಲ.

ಪುಸ್ತಕದಲ್ಲಿ ಹೀಗೆ ಗೆರೆ ಎಳೆದದ್ದು ಒಂದು ಕಡೆಯಾದರೆ, ಬೀದಿಯಲ್ಲಿ ಎಳೆದದ್ದು ಇನ್ನೊಂದು ಕಡೆ. ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬಾಡಿಗೆ ಕಟ್ಟಲಾರದವರ ಮಂಚ ಕುರ್ಚಿಗಳನ್ನು ಫುಟ್‌ಪಾತಿಗೆ ತಂದು ಹಾಕುತ್ತಿದ್ದರು. ಅದು ಐರ್ಲೆಂಡಿನ ಮಾದರಿ. ನಿರುದ್ಯೋಗಿಗಳ ಕೌನ್ಸಿಲ್ಲುಗಳು ಹುಟ್ಟಿಕೊಂಡು ಏನು ಮಾಡಿದವು ಅಂದರೆ, ಪೊಲೀಸರು ಹೋದ ತಕ್ಷಣ ಅಕ್ಕಪಕ್ಕದವರನ್ನು ಸೇರಿಸಿ ಅದೇ ಸಾಮಾನನ್ನು ಅದೇ ಮನೆಯೊಳಕ್ಕೆ ಹೊತ್ತು ಹಾಕಿದವು. 1931ರ ಆಗಸ್ಟ್ 3ರಂದು ಚಿಕಾಗೋದ ಸೌತ್ ಸೈಡ್‌ನಲ್ಲಿ ಒಬ್ಬ ಮುದುಕಿಯ ಸಾಮಾನನ್ನು ಹೀಗೆ ವಾಪಸ್ ಒಯ್ಯುವಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಕಪ್ಪುಜನ ಸತ್ತರು. ಆಮೇಲೆ ಆ ನಗರದಲ್ಲಿ ಕೆಲಕಾಲ ಮನೆ ಖಾಲಿ ಮಾಡಿಸುವುದನ್ನೇ ನಿಲ್ಲಿಸಬೇಕಾಯ್ತು.

ನಮ್ಮಲ್ಲೂ ಇದರ ದಾಯಾದಿಯಂಥದ್ದು ನಡೆದಿದೆ. ಬಾಡಿಗೆಯ ವಿಷಯದಲ್ಲಲ್ಲ, ಸಾಲದ ವಿಷಯದಲ್ಲಿ. ಸಾಲ ವಸೂಲಿಗೆ ಬಂದ ಅಧಿಕಾರಿಗಳು ಮನೆಯ ಸಾಮಾನು ಒಯ್ಯುವುದು ಹಳ್ಳಿಯವರಿಗೆ ಗೊತ್ತಿರೋ ಸಂಗತಿ. 'ಜಪ್ತಿ' ಅನ್ನೋ ಪದ ನಾನು ಚಿಕ್ಕವನಿದ್ದಾಗ ದೊಡ್ಡವರ ಬಾಯಲ್ಲಿ ಸಣ್ಣ ದನಿಯಲ್ಲಿ ಬರುತ್ತಿತ್ತು, ಕಾಯಿಲೆಯ ಹೆಸರಿನ ಹಾಗೆ. ಸಾಲ ಎಷ್ಟಿತ್ತು ಅನ್ನೋದಕ್ಕಿಂತ ಪಾತ್ರೆಪಡಗ ಅಂಗಳಕ್ಕೆ ಬಂದದ್ದನ್ನು ಊರು ನೋಡಿತು ಅನ್ನೋದೇ ದೊಡ್ಡ ವಿಷಯ. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ಸಂಗಾತಿಗಳ ಮುಂದಾಳತ್ವದಲ್ಲಿ, ಇದಕ್ಕೆ ಕೊಟ್ಟ ಉತ್ತರದ ಹೆಸರೇ 'ಮರುಜಪ್ತಿ'. ಒಯ್ದದ್ದನ್ನು ರೈತರು ಗುಂಪಾಗಿ ಹೋಗಿ ವಾಪಸ್ ತರುತ್ತಿದ್ದರು. ವಸೂಲಿ ಅಧಿಕಾರಿಗಳು ಅಪ್ಪಣೆ ಇಲ್ಲದೆ ಊರೊಳಗೆ ಬರಬಾರದು ಅಂತ ಊರಬಾಗಿಲಲ್ಲಿ ಬೋರ್ಡು ನಿಲ್ಲಿಸಿದರು. ಕಾನೂನಿನ ಕಣ್ಣಲ್ಲಿ ಅದು ಸರಿಯಿತ್ತೋ ತಪ್ಪಿತ್ತೋ ವಾದ ಮಾಡಬಹುದು. 60ನೇ ಕಲಮಿನ ಪಟ್ಟಿಯನ್ನು ಓದದವರೂ ಅದರ ಅರ್ಥ ಬಲ್ಲವರಾಗಿದ್ದರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಇಂಗ್ಲೆಂಡ್ ತನ್ನ ಡಿಸ್ಟ್ರೆಸ್ಸನ್ನು ಕೊನೆಗೆ ಕಿತ್ತುಹಾಕಿದ್ದು ತೀರಾ ಈಚೆಗೆ, 2014ರ ಏಪ್ರಿಲ್ 6ರಂದು. ಈಗ ಅಲ್ಲಿ ವಾಸದ ಮನೆಯ ಬಾಡಿಗೆಗೆ ಅಂಥ ಜಪ್ತಿ ಇಲ್ಲ. ಅಂಗಡಿ, ಆಫೀಸಿಗಷ್ಟೇ ಬೇರೆ ಹೆಸರಲ್ಲಿ, ಬೇರೆ ನಿಯಮದಲ್ಲಿ ಉಳಿದಿದೆ.

ಬೆಂಗಳೂರಿನ ನಾವು ಇದನ್ನು ಇನ್ನೊಂದು ರೀತಿಯಲ್ಲಿ ಬಗೆಹರಿಸಿಕೊಂಡಿದ್ದೇವೆ. ಹತ್ತು ತಿಂಗಳ ಅಡ್ವಾನ್ಸ್ ಕೊಡ್ತೀವಲ್ಲ, ಅದೇನು ಅಂದುಕೊಂಡಿರಿ? ದೊಡ್ಡಿಗೆ ಕೂಡಿದ ದನವೇ ಅದು. ಬಾಕಿ ಬೀಳೋಕೆ ಮೊದಲೇ, ಮನೆಗೆ ಕಾಲಿಡೋಕೆ ಮೊದಲೇ ನಾವೇ ಹೊಡೆದುಕೊಂಡು ಹೋಗಿ ಕಟ್ಟಿಬಂದಿರೋದು. ಮೇವೂ ನಮ್ಮದೇ, ಬಡ್ಡಿ ಇಲ್ಲವಲ್ಲ. ಓನರಿಗೆ ನಮ್ಮ ಮಂಚದ ಮೇಲೆ ಕಣ್ಣು ಬೀಳದಿರೋದಕ್ಕೆ ಮುಖ್ಯ ಕಾರಣ ಈ ಅಡ್ವಾನ್ಸು. ಆದರೆ ಕೇಸು ವರ್ಷಗಟ್ಟಲೆ ಎಳೆದರೆ ಅದು ಕರಗಿಹೋಗಿರುತ್ತೆ. ಕೊನೆಗೆ ಉಳಿಯೋದು ಬೀಗ ಒಡೆದ ಮನೆ ಮತ್ತು ಸಾಮಾನು.

ಇಲ್ಲಿ ನಮ್ಮ ಕಾನೂನಿನ ಒಂದು ತಮಾಷೆ ಇದೆ. ಸ್ವಾಧೀನ ಕೊಡಿಸುವ ನಿಯಮ ಸಿವಿಲ್ ಸಂಹಿತೆಯ 21ನೇ ಆದೇಶದ 35ನೆಯದು. ಬಾಗಿಲ ಬಗ್ಗೆ ಅದು ಎಷ್ಟೊಂದು ಯೋಚಿಸಿದೆ. ಬೀಗ, ಅಗುಳಿ ತೆಗೆಯಬಹುದು, ಬಾಗಿಲು ಒಡೆಯಬಹುದು. ಅದಕ್ಕೂ ಮೊದಲು ಎಚ್ಚರಿಕೆ ಕೊಡಬೇಕು, ಹೊರಗೆ ಕಾಣಿಸಿಕೊಳ್ಳದ ರೂಢಿಯ ಹೆಂಗಸರಿದ್ದರೆ ಹೊರಟುಹೋಗೋಕೆ ಅನುವು ಮಾಡಿಕೊಡಬೇಕು. ಒಳಗಿರುವ ಸಾಮಾನಿನ ಬಗ್ಗೆ? ಒಂದು ಪದ ಇಲ್ಲ. ಸ್ವಾಧೀನ ಕೊಡಿಸೋಕೆ ಅಗತ್ಯವಾದ ಇನ್ನೇನೇ ಇದ್ದರೂ ಮಾಡಬಹುದು ಅನ್ನೋ ಕೊನೆಯ ಸಾಲಿನೊಳಗೆ ಎಲ್ಲ ತುರುಕಬೇಕು. ಕೋಡ್ ಬರೆಯೋರಿಗೆ ಇದು ಗೊತ್ತು. ಯಾರೂ ಯೋಚಿಸದ ಕೇಸುಗಳೆಲ್ಲ ಬಂದು ಬೀಳೋ ಕೊನೆಯ 'ಎಲ್ಸ್' ಅದು.

ಹಾಗಾಗಿ ಬಳಕೆಯಲ್ಲಿರೋದೇ ದಾರಿ. ಪಂಚರ ಎದುರು ಒಂದೊಂದೇ ವಸ್ತು ಬರೆದು ಮಹಜರು ಮಾಡಿಸೋದು, ಫೋಟೋ ತೆಗೆಸೋದು, ಗೊತ್ತಿರುವ ವಿಳಾಸಕ್ಕೆ ಅಂಚೆಯಲ್ಲಿ ನೋಟಿಸ್ ಕಳಿಸೋದು, ಮುಂದೇನು ಅಂತ ಅದೇ ಕೋರ್ಟಿನಿಂದ ಆದೇಶ ಕೇಳೋದು. ಅಲ್ಲಿಯವರೆಗೆ ಓನರ್ ಒಂದು ರೀತಿಯಲ್ಲಿ ಕಾವಲುಗಾರ. 1872ರ ಕರಾರು ಕಾಯಿದೆಯಲ್ಲಿ ಬೇರೆಯವರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವನು ತನ್ನದನ್ನು ನೋಡಿಕೊಳ್ಳುವಷ್ಟೇ ಜತನದಿಂದ ನೋಡಿಕೊಳ್ಳಬೇಕು ಅಂತಿದೆ. ಹುಡುಕಿದರೂ ಯಜಮಾನ ಸಿಗದೆ, ವಸ್ತು ಕೆಡುವ ಹಾಗಿದ್ದರೆ ಅಥವಾ ಕಾಪಾಡುವ ಖರ್ಚು ಅದರ ಬೆಲೆಯ ಮೂರನೇ ಎರಡು ಭಾಗ ಮುಟ್ಟಿದರೆ ಮಾರಬಹುದು ಅಂತಲೂ ಇದೆ. ಆದರೆ ಅದು ಕಳೆದುಹೋಗಿ ಸಿಕ್ಕ ವಸ್ತುವಿಗೆ ಬರೆದದ್ದು, ಬೀಗ ಹಾಕಿ ಬಿಟ್ಟುಹೋದ ಮನೆಗಲ್ಲ.

ಓನರ್ ಕಷ್ಟವನ್ನೂ ಹೇಳಬೇಕು, ಎಲ್ಲ ಓನರೂ ವ್ಯಾಂಡಲೂರ್ ಜಮೀನ್ದಾರನಲ್ಲ. ಇರೋ ಒಂದು ಮಹಡಿಯ ಬಾಡಿಗೆಯಲ್ಲೇ ಔಷಧಿ ಖರ್ಚು ನಡೆಸುವ ರಿಟೈರ್ಡ್ ಮೇಷ್ಟ್ರು, ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ, ಬೇರೆಯವರ ಹರಕಲು ಹಾಸಿಗೆಗೆ ಇನ್ನೂ ಎಷ್ಟು ತಿಂಗಳು ಜಾಗ ಕೊಡಬೇಕು? ಕ್ಯಾಲಿಫೋರ್ನಿಯಾದ ಕಾನೂನು ಇದಕ್ಕೆ ನೇರ ಉತ್ತರ ಕೊಡುತ್ತೆ. ಬೇ ಏರಿಯಾದಲ್ಲಿ ಬಾಡಿಗೆಗಿರುವ ನಮ್ಮವರಿಗೂ ಅದೇ ನಿಯಮ. ನೋಟಿಸ್ ಕೈಗೆ ಕೊಟ್ಟರೆ 15 ದಿನ, ಅಂಚೆಯಲ್ಲಾದರೆ 18 ದಿನ. ಅಷ್ಟರಲ್ಲಿ ಬಾರದಿದ್ದರೆ, ಸಾಮಾನಿನ ಬೆಲೆ 700 ಡಾಲರಿಗಿಂತ ಕಡಿಮೆಯಿದ್ದಲ್ಲಿ ಓನರ್ ಏನು ಬೇಕಾದರೂ ಮಾಡಿಕೊಳ್ಳಬಹುದು. ಹೆಚ್ಚಿದ್ದರೆ ಬಹಿರಂಗ ಹರಾಜು. ಇಂಗ್ಲೆಂಡಿನಲ್ಲೂ 1977ರ ಕಾಯಿದೆಯ ಪ್ರಕಾರ ನೋಟಿಸ್ ಕೊಟ್ಟು, ಕಾದು, ಮಾರಿ, ಖರ್ಚು ಕಳೆದು ಉಳಿದದ್ದನ್ನು ವಸ್ತುವಿನ ಯಜಮಾನನಿಗೆ ತೆಗೆದಿಡಬೇಕು. ಇಷ್ಟು ಸರಳವಾದ ನಾಲ್ಕು ಸಾಲನ್ನು ನಮ್ಮ ಬಾಡಿಗೆ ಕಾನೂನಿಗೂ ಸೇರಿಸೋಕೆ ಏನು ಅಡ್ಡಿಯೋ. ಸೇರಿಸುವಾಗ 60ನೇ ಕಲಮಿನ ಪಟ್ಟಿಯನ್ನು ಮಾತ್ರ ಕೈಬಿಡಬಾರದು, ಕುಕ್ಕರಿಗೂ ಹೊಲಿಗೆ ಮಷಿನ್ನಿಗೂ 700 ಡಾಲರಿನ ಅಳತೆಗೋಲು ಹಿಡಿದರೆ ಅದು ಮತ್ತೆ 1689ಕ್ಕೆ ಹೋದ ಹಾಗೆ.

ಇನ್ನು, ಹರಾಜಿಗೂ ಬಾರದ, ಗುಜರಿಯವನೂ ಒಯ್ಯದ ವಸ್ತುಗಳಿರುತ್ತವೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಮದುವೆ ಆಲ್ಬಮ್ಮು. ಮಹಜರಿನಲ್ಲಿ ಇವನ್ನು ಮೊದಲು ಬರೆಸಿ, ಬೇರೆ ಕವರಿಗೆ ಹಾಕಿ ಸೀಲ್ ಮಾಡಿಸಿ ಕೋರ್ಟಿಗೋ ವಕೀಲರಿಗೋ ಒಪ್ಪಿಸುವ ಓನರುಗಳಿದ್ದಾರೆ. ದೇವರ ಫೋಟೋಗಳನ್ನಂತೂ ಸಾಮಾನು ಹೊರಲು ಬಂದ ಹುಡುಗರೇ ಕಸದ ಗಾಡಿಗೆ ಹಾಕೋಕೆ ಒಪ್ಪೋದಿಲ್ಲ. ಬೆಂಗಳೂರಿನ ಅರಳಿಕಟ್ಟೆಗಳ ಬುಡದಲ್ಲಿ ಗಾಜು ಒಡೆದ ಲಕ್ಷ್ಮಿ, ಗಣೇಶ, ತಿರುಪತಿ ತಿಮ್ಮಪ್ಪ ಸಾಲಾಗಿ ಒರಗಿ ನಿಂತಿರ್ತಾರಲ್ಲ, ಅವರಲ್ಲಿ ಕೆಲವರು ಇಂಥ ಮನೆಗಳಿಂದ ಬಂದವರೂ ಇರಬಹುದು.